ಮನೆಸಾಲಿನ ಬದನೆಕಾಯಿ

ಕಂಬದ ಮೂತಿ ಬುಟ್ಟಿಯ ಮೇಲೆ ಬಾಗಿತು, ಒಮ್ಮೆ ಉಸಿರೆಳೆದುಕೊಂಡಿತು, ಹಸಿರು ದೀಪ ಹತ್ತಿತು. ಮುಂದಿನ ಬುಟ್ಟಿ. ಮತ್ತೆ ಹಸಿರು. ಹೊಳೆಹಟ್ಟಿ ಸಂತೆಯ ಬಾಗಿಲಲ್ಲಿ ಸಾಲುಗಟ್ಟಿದ ಹೆಂಗಸರ ನಡುವೆ ಫಕೀರವ್ವ ತನ್ನ ಬದನೆಕಾಯಿ ಬುಟ್ಟಿಯನ್ನು ಬಿಗಿಯಾಗಿ ಅವುಚಿಕೊಂಡು ನಿಂತಿದ್ದಳು.

ಘ್ರಾಣಸ್ತಂಭವೆಂಬುದು ಅದರ ಸರಕಾರಿ ಹೆಸರು. ಸಂತೆಯವರಿಗೆ ಮೂಗಿನ ಕಂಬ. ಕಾಯಿಪಲ್ಯದಿಂದ ಏಳುವ ಆವಿಯನ್ನು ಹೀರಿ, ಶುದ್ಧವೆಂದು ತಾನು ಕಲಿತ ವಾಸನೆಯೊಂದಿಗೆ ಅದು ಹೋಲಿಸುತ್ತಿತ್ತು. ಹೊಂದಿದರೆ ಹಸಿರು; ಹೊಂದದಿದ್ದರೆ ಕೆಂಪು, ಆ ದಿನದ ಬುಟ್ಟಿ ಮನೆಗೆ ವಾಪಸು. ಮೂರು ಸಲ ಕೆಂಪಾದವರಿಗೆ ಸಂತೆಯ ಕಟ್ಟೆಯಲ್ಲಿ ಮುಂದೆಂದೂ ಜಾಗವಿಲ್ಲ. ಫಕೀರವ್ವನಿಗೆ ಆಗಲೇ ಎರಡಾಗಿದ್ದವು. ಕಂಬ ಬಂದಾಗಿನಿಂದ, ಅದಕ್ಕೆ ಹೆದರಿಯೇ, ಅವಳು ತನ್ನ ಹೊಲಕ್ಕೆ ಒಂದು ಹನಿ ಔಷಧ ಹೊಡೆದಿರಲಿಲ್ಲ.

“ಕದ್ದು ಹೊಡ್ಯಾಕಿ ಸಿಕ್ಕೇ ಸಿಗ್ತಾಳ,” ಎಂದು ಪಕ್ಕದ ಹೊಲದ ದ್ಯಾಮವ್ವ ಬೆನ್ನ ಹಿಂದಿನಿಂದ ನಕ್ಕಳು. ವಾರವಾರವೂ ಔಷಧದ ಪಂಪು ಬೆನ್ನಿಗೇರಿಸುತ್ತಿದ್ದ ದ್ಯಾಮವ್ವನಿಗೆ ಇದುವರೆಗೆ ಬರೀ ಹಸಿರೇ.

ಮೂತಿ ಬಾಗಿತು. ಕೆಂಪು.

ಕಂಬವನ್ನು ರೂಪಿಸಿದ ವಿಜ್ಞಾನಿ ಗಾರ್ಗಿ ಹಿರೇಮಠ ಅಂದು ತಪಾಸಣೆಗೆ ಬಂದಿದ್ದರು. ಅವರು ಬುಟ್ಟಿಯಿಂದ ಒಂದು ಬದನೆಕಾಯಿ ತೆಗೆದು ಮುರಿದರು. ಒಳಗೆ ಹುಳು ಹೊರಳಿತು. ಫಕೀರವ್ವನಿಗೆ ಕೆಂಪು ದೀಪಕ್ಕಿಂತ ಅದೇ ದೊಡ್ಡ ಅವಮಾನವೆನಿಸಿತು. ಸೆರಗಿನಿಂದ ಬುಟ್ಟಿ ಮುಚ್ಚಿ, ದ್ಯಾಮವ್ವನ ಬುಟ್ಟಿಯಿಂದ ಮಿರಿಮಿರಿ ಹೊಳೆಯುವ ಕಾಯಿಯೊಂದನ್ನು ಎತ್ತಿ ನೀಡಿದಳು.

“ಅದನ್ನ ಬಿಡ್ರಿ ಅಕ್ಕಾರ. ಇದನ್ನ ತಗೋರಿ, ಚೊಲೋ ಐತಿ.”

ಗಾರ್ಗಿಯವರ ಕೈ ಅಲ್ಲೇ ನಿಂತಿತು.

ಕಾಯಿಪಲ್ಯ ಬೆಳೆಯುವವರೆಲ್ಲ ಔಷಧ ಸೋಕದ ಒಂದು ಸಾಲನ್ನು ತಮ್ಮ ಒಲೆಗೆಂದೇ ಬಿಟ್ಟುಕೊಳ್ಳುತ್ತಾರೆ. ಅದು ಮನೆಸಾಲು. ಅದು ಗೊತ್ತಿದ್ದೇ ಗಾರ್ಗಿಯವರು ಹಿಂದಿನ ವರ್ಷ ಹೊಲಹೊಲ ತಿರುಗಿ, ಮನೆಯಲ್ಲಿ ತಿನ್ನುವುದನ್ನೇ ಕೊಡಿ ಎಂದು ಕೇಳಿ, ಆ ಬುಟ್ಟಿಗಳಿಂದಲೇ ಕಂಬಕ್ಕೆ ಶುದ್ಧದ ವಾಸನೆ ಕಲಿಸಿದ್ದರು.

“ಹೋದ ವರ್ಷ ನಾ ಬಂದಾಗ, ಮನೆಸಾಲಿಂದು ಕೊಟ್ಟಿದ್ದಿಲ್ಲೇನು?” ಅವರ ದನಿ ತಗ್ಗಿತ್ತು.

ಕೊಟ್ಟಿದ್ದೆವೆಂದರೆ ಫಕೀರವ್ವನ ಕಟ್ಟೆ ಹೋಗುತ್ತದೆ; ಇಲ್ಲವೆಂದರೆ ಹಿಂದಿರುವ ಅಷ್ಟೂ ಜನರದು. ಊರು ಇಷ್ಟು ದಿನ ಹಸಿರು ದೀಪ ನಂಬಿ ಏನನ್ನು ತಿಂದಿತ್ತು ಎಂಬುದು ನೆನಪಾಗಿ ಅವಳು ಬುಟ್ಟಿಯ ಮೇಲಿನ ಸೆರಗು ತೆಗೆದಳು.

“ಮನಿಗೆ ಬಂದವ್ರಿಗೆ ತೂತು ಬದನಿಕಾಯಿ ಹೆಂಗ ಕೊಡೂದ್ರಿ?” ಎಂದಳು. “ಯಾರೂ ಕೊಟ್ಟಿಲ್ಲ. ಔಷಧ ಹೊಡೆದಿದ್ದನ್ನ ಕೊಟ್ಟೇವ್ರಿ.”

ಔಷಧ ಸೋಕದ ಕಾಯಿಗಳಿಂದ ಕಂಬಕ್ಕೆ ಹೊಸದಾಗಿ ಪಾಠವಾಯಿತು. ಮುಂದಿನ ಸಂತೆಯಲ್ಲಿ ಫಕೀರವ್ವನೊಬ್ಬಳಿಗೇ ಹಸಿರು. ಕಟ್ಟೆಯ ಮೇಲೆ ಒಂಟಿಯಾಗಿ ಕೂತವಳ ಬುಟ್ಟಿ ಬೇಗ ಖಾಲಿಯಾಯಿತು. ಯಾರೊಬ್ಬರೂ ಅವಳನ್ನು ಮಾತನಾಡಿಸಲಿಲ್ಲ. ಅದರ ಮುಂದಿನ ಸಂತೆಗೆ ಎಲ್ಲರೂ ಬಂದರು, ಸಣ್ಣ ಸಣ್ಣ ಬುಟ್ಟಿಗಳೊಂದಿಗೆ. ಎಲ್ಲವೂ ಹಸಿರು. ಗಾರ್ಗಿಯವರ ಮುಖ ಅರಳಿತು.

ದ್ಯಾಮವ್ವ ಬಂದು ಪಕ್ಕದಲ್ಲಿ ಕೂತಳು. ಅವಳ ಬುಟ್ಟಿಯ ತುಂಬ ತೂತು ಬದನೆ.

“ಮನೆಸಾಲು ಪೂರಾ ಕೊಯ್ದು ತಂದಿಯಲ್ಲ,” ಎಂದಳು ಫಕೀರವ್ವ. “ಮಕ್ಕಳಿಗೆ?”

“ಕೆಂಪು ದೀಪದ್ದು ರಾಶಿ ಬಿದ್ದೈತಿ. ಚೆಲ್ಲಾಕ ಮನಸ್ಸು ಬರಂಗಿಲ್ಲ.” ದ್ಯಾಮವ್ವ ರಸ್ತೆಯ ಕಡೆ ನೋಡುತ್ತಲೇ ಹೇಳಿದಳು. “ಅದನ್ನ ಪಲ್ಯ ಮಾಡೇನಿ.”

ಫಕೀರವ್ವ ಸುತ್ತ ಕಣ್ಣಾಡಿಸಿದಳು. ಕಟ್ಟೆಯ ತುಂಬ ಮನೆಸಾಲುಗಳೇ ಮಾರಾಟಕ್ಕಿದ್ದವು. ಅವಳು ತನ್ನ ಬುಟ್ಟಿಗೆ ಕೈಹಾಕಿ, ತೂತಿರುವವನ್ನೇ ಆರಿಸಿ, ಈ ಸಲ ನಾಚದೆ, ದ್ಯಾಮವ್ವನ ಉಡಿಗೆ ಹಾಕತೊಡಗಿದಳು.