ಬೆಚ್ಚಗಿನ ಪೆಟ್ಟಿಗೆ

"ನಮ್ಮವರು ಕುಡಿಯೋರಲ್ಲ, ಸುಳ್ಳು ಹೇಳೋರೂ ಅಲ್ಲ. ಕೆಂಪು ದೀಪ ಉರೀತಾನೇ ಇರಲಿಲ್ಲ ಅಂತಾರೆ. ಯಾರೂ ನಂಬ್ತಿಲ್ಲ ಮೇಡಂ" ಎಂದು ಬಸ್ ಡ್ರೈವರನ ಹೆಂಡತಿ ಅತ್ತಿಗೆಯ ಮುಂದೆ ಕಣ್ಣೀರಿಟ್ಟಳು.

ಅತ್ತಿಗೆ ಪತ್ತೇದಾರಿಕೆಯಲ್ಲಿ ಹೆಸರು ಮಾಡಿದವರು. ಬಾಲದಂತೆ ಅವರ ಹಿಂದೆ ತಿರುಗುವ ಮೈದುನನಿಗೆ ಮಾತ್ರ ಈ ಕೇಸು ಕೈಗೆ ಹತ್ತುವಂತೆ ಕಾಣಲಿಲ್ಲ. ಶಾಲೆಯೆದುರಿನ ಸರ್ಕಲ್‌ನಲ್ಲಿ, ನಡೆಯುವವರಿಗೆ ಹಸಿರು ಬಿದ್ದ ಮೇಲೆ ರಸ್ತೆಗಿಳಿದ ಟೀಚರಮ್ಮ ಬಸ್ಸಿಗೆ ಸಿಕ್ಕಿ ಸತ್ತಿದ್ದರು. ಡ್ರೈವರ್ ಲಾಕಪ್ಪಿನಲ್ಲಿದ್ದ.

ಸರ್ಕಲ್‌ನಲ್ಲಿ ಇನ್‌ಸ್ಪೆಕ್ಟರ್ ಗಿಳಿಗೆ ಹೇಳಿದಂತೆ ಹೇಳಿದರು. "ಈ ಪೆಟ್ಟಿಗೆಯೇ ಸಿಗ್ನಲ್‌ಗೆ ತಲೆ. ಕೆಂಪು ದೀಪಕ್ಕೆ ಕರೆಂಟ್ ಹರೀತಿದೆಯಾ ಅಂತ ನೋಡ್ತಾನೇ ಇರುತ್ತೆ. ಹರಿಯೋದು ನಿಂತ್ರೆ ದೀಪ ಸತ್ತಿದೆ ಅಂತ ತಿಳ್ಕೊಂಡು ಎಲ್ಲಾ ಕಡೆ ಹಳದಿ ಮಿಟುಕಿಸುತ್ತೆ. ಅವತ್ತು ಮಿಟುಕಿಸಲಿಲ್ಲ. ಅಂದ್ಮೇಲೆ ಡ್ರೈವರ್ ಬುರುಡೆ ಬಿಡ್ತಿದ್ದಾನೆ."

ಪೆಟ್ಟಿಗೆಯ ಬೀಗ ತೆಗೆದವನು ಸಿಗ್ನಲ್ ಮೆಕ್ಯಾನಿಕ್, ಸತ್ತ ಟೀಚರಮ್ಮನ ತಮ್ಮ. ಕೀಲಿ ಇದ್ದದ್ದು ಅವನೊಬ್ಬನ ಬಳಿ. ಅತ್ತು ಅತ್ತು ಅವನ ಮುಖ ಬಾತಿತ್ತು. ಒಳಗೆ ಎಲ್ಲ ಅಚ್ಚುಕಟ್ಟಾಗಿತ್ತು. ಮೇಲ್ಭಾಗದ ಬಣ್ಣ ಮಾತ್ರ ಒಂದು ಕಡೆ ಕಂದಿತ್ತು. ಅತ್ತಿಗೆ ತಲೆಯೆತ್ತಿ ಕಂಬದ ಮೇಲಿನ ದೀಪಗಳನ್ನು ನೋಡಿದರು. ಹಳದಿ, ಹಸಿರು ಗಾಜುಗಳಿಗೆ ಮಸಿ ಮೆತ್ತಿತ್ತು, ಕೆಂಪು ಗಾಜು ಒರೆಸಿಟ್ಟಂತಿತ್ತು.

ಅಷ್ಟರಲ್ಲಿ ಎದುರಿನ ಟೈಲರನ ಬೆಕ್ಕು ಪೆಟ್ಟಿಗೆಯ ಮೇಲೆ ಹಾರಿ, ಒಂದು ಸುತ್ತು ಹಾಕಿ, ಮುಖ ಸಿಂಡರಿಸಿಕೊಂಡು ಇಳಿಯಿತು.

"ಈ ಚಳಿಗಾಲದಲ್ಲಿ ಇದರ ಮೇಲೇ ಗಡದ್ದಾಗಿ ಮಲಗ್ತಿತ್ತು" ಎಂದ ಟೈಲರ್. "ಆಕ್ಸಿಡೆಂಟ್ ಆದಾಗಿಂದ ನಿಲ್ತಾನೇ ಇಲ್ಲ. ಪಾಪ, ಹೆದರಿರಬೇಕು."

"ಹೆದರಿದ್ರೆ ಹತ್ತುತ್ತಲೇ ಇರಲಿಲ್ಲ" ಎಂದು ಅತ್ತಿಗೆ ತಗಡಿನ ಮೇಲೆ ಅಂಗೈ ಇಟ್ಟರು. ತಣ್ಣಗೆ ಕೊರೆಯುತ್ತಿತ್ತು.

ಮರುದಿನ ಎಲ್ಲರನ್ನೂ ಅಲ್ಲಿಗೇ ಕರೆಸಿದರು.

"ಬೆಕ್ಕು ಬಂದಿದ್ದು ಬೆಚ್ಚಗಿರುತ್ತೆ ಅಂತ. ಬೆಚ್ಚಗೆ ಮಾಡ್ತಿದ್ದದ್ದು ಏನು? ಒಳಗೆ ಕಟ್ಟಿದ್ದ ಒಂದು ಬಲ್ಬು. ಬಣ್ಣ ಕಂದಿದ್ದೂ ಅದರ ಶಾಖಕ್ಕೇ. ಕೆಂಪು ದೀಪದ ತಂತಿಗೇ ಅದನ್ನ ಸೇರಿಸಿದ್ರು. ಮೇಲೆ ಕೆಂಪು ಆರಿದ್ರೂ ಒಳಗಿನ ಬಲ್ಬಿಗೆ ಕರೆಂಟ್ ಹರೀತಿತ್ತು. ಪೆಟ್ಟಿಗೆ ಮೋಸಹೋಯ್ತು, ಮಿಟುಕಿಸಲಿಲ್ಲ, ನಡೆಯೋರಿಗೆ ಹಸಿರು ಕೊಟ್ಟೇಬಿಡ್ತು. ಆಮೇಲೆ ಯಾರೋ ಬಲ್ಬು ಕಿತ್ತು, ಮೇಲೆ ಬೇರೆ ದೀಪ ಹಾಕಿ, ಗಾಜು ಒರೆಸಿದ್ರು. ಕೀಲಿ ಇದ್ದದ್ದು ಒಬ್ಬರ ಹತ್ತಿರ."

ಮೆಕ್ಯಾನಿಕ್ ಫುಟ್‌ಪಾತಿನ ಮೇಲೆ ಕುಸಿದ.

"ಆ ದೀಪ ಆಗಾಗ ಕೈಕೊಡ್ತಿತ್ತು. ಹೊಸದು ಕೇಳಿ ಕೇಳಿ ಬಾಯಿ ಒಣಗಿತ್ತು. 'ಎಲ್ಲಾ ಕಡೆ ಹಳದಿ ಮಿಟುಕ್ತಿದ್ರೆ ನನ್ನ ಮಕ್ಕಳು ರಸ್ತೆ ದಾಟೋದು ಹೇಗೋ?' ಅಂತ ಅಕ್ಕ ದಿನಾ ಬೈತಿದ್ಲು. ಹೊಸದು ಬರೋವರೆಗೆ ಅಂತ ಬಲ್ಬು ಕಟ್ಟಿದೆ. ಅವತ್ತು ಯಾರೋ ಬಸ್ಸಿಗೆ ಸಿಕ್ಕಿದ್ರು ಅಂತ ಫೋನ್ ಬಂತು. ಭಯಕ್ಕೆ ಪಕ್ಕದ ಸರ್ಕಲ್‌ನ ದೀಪ ಕಿತ್ತು ತಂದು ಹಾಕಿದೆ. ಏಣಿ ಇಳಿದ ಮೇಲೇ ಗೊತ್ತಾಗಿದ್ದು, ಅದು ಯಾರು ಅಂತ."

ಡ್ರೈವರನ ಹೆಂಡತಿಗೆ ಗೆದ್ದ ಸಂತೋಷವೇ ಇರಲಿಲ್ಲ. ಅವಳು ಮೆಕ್ಯಾನಿಕ್‌ನ ಪಕ್ಕದಲ್ಲಿ ಕೂತು, ಅವನ ಭುಜದ ಮೇಲೆ ಕೈ ಇಟ್ಟಳು.

"ಮೊದಲೆಲ್ಲ ಎರಡೂ ಕಡೆ ನೋಡಿಯೇ ದಾಟ್ತಿದ್ಲು ಅಮ್ಮಾ" ಎಂದ ಅವನು. "'ಸರಿ ಮಾಡಿದ್ದೀನಿ ಕಣಕ್ಕಾ, ಇನ್ನು ಭಯ ಇಲ್ಲ' ಅಂದೆ. ಆಮೇಲೆ ನೋಡೋದನ್ನೇ ಬಿಟ್ಬಿಟ್ಲು."