ಹುಳುಮನೆಯ ತೆರೆದ ಕಿಟಕಿ

ಚೆನ್ನರಾಯಪ್ಪನವರ ಹುಳುಮನೆಯಿಂದ ಅವರ ಹೆಂಡತಿ ಅಮ್ಮಾಜಮ್ಮನ ಕೂಗು ಕೇಳಿಸಿದಾಗ ನಾನು ನನ್ನ ಟ್ರಂಕು ಹುಡುಕುತ್ತಿದ್ದೆ.

ಹಿಂದಿನ ದಿನ ಶಿಡ್ಲಘಟ್ಟದ ಸೈಬರ್ ಸೆಂಟರಿನಲ್ಲಿ ಕೆಲಸ ಮುಗಿಸಿ ಕೊನೆಯ ಬಸ್ಸಿಗೆ ಊರಿಗೆ ಬಂದವನು ಹಾಗೇ ಮಲಗಿಬಿಟ್ಟಿದ್ದೆ. ಬೆಳಗ್ಗೆ ಎದ್ದು ಕೈಹಾಕಿದರೆ ಮಂಚದ ಕೆಳಗೆ ಬರೀ ನೆಲ. ಆ ನೀಲಿ ತಗಡಿನ ಟ್ರಂಕಿನಲ್ಲಿ ನನ್ನ ಕಾಲೇಜು ದಿನಗಳಿಂದ ಕೂಡಿಟ್ಟ ಹುಚ್ಚು ಇತ್ತು — ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಒಂದೊಂದಾಗಿ ಆಯ್ದು ತಂದ ಜಪಾನಿ ಕಾಮಿಕ್ಸು, ಟಿ.ವಿ.ಗೆ ಸಿಕ್ಕಿಸಿ ಆಡುವ ಹಳೆಯ ವಿಡಿಯೋ ಗೇಮು, ಅದರ ಕ್ಯಾಸೆಟ್ಟುಗಳು. ಒಂದು ಸಲ ನುಸಿ ಹಿಡಿದು ಪುಸ್ತಕ ಹಾಳಾದ ಮೇಲೆ ಟ್ರಂಕಿಗೆ ನುಸಿಗುಳಿಗೆಯನ್ನು ಕೈತುಂಬ ಸುರಿಯುತ್ತಿದ್ದೆ. ಅಂಗಿಗೂ ಅದು ಹತ್ತಿ, ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಆ ವಾಸನೆ ಗೊತ್ತಾಗುವುದೇ ನಿಂತುಹೋಗಿತ್ತು.

ಕೂಗು ಕೇಳಿ ಓಡಿದೆ. ಹುಳುಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ಹರಡಿರುತ್ತದೆ. ಮನೆಯವರನ್ನು ಬಿಟ್ಟು ಯಾರೂ ಅದನ್ನು ದಾಟುವಂತಿಲ್ಲ. ಹುಳಕ್ಕೆ ಸೋಂಕು ತಾಗಬಾರದು ಎಂಬುದು ಎಲ್ಲ ರೇಷ್ಮೆ ಮನೆಗಳ ನೇಮ. ನಮ್ಮಂಥವರ ವಿಷಯದಲ್ಲಿ ಆ ನೇಮ ಇನ್ನೂ ಒಂದು ಕೈ ಬಿಗಿ. ಹೊರಗೇ ನಿಂತು ಇಣುಕಿದೆ.

ಇವತ್ತೋ ನಾಳೆಯೋ ಹಣ್ಣಾಗಿ, ಗೂಡು ಕಟ್ಟಲು ಬಿದಿರ ಚಂದ್ರಿಕೆಗೆ ಏರಬೇಕಿದ್ದ ಹುಳುಗಳು. ತಟ್ಟೆ ತಟ್ಟೆಯಲ್ಲೂ ಹಸಿರು ನೀರು ಕಕ್ಕಿಕೊಂಡು ಬಿದ್ದಿದ್ದವು. ರೇಷ್ಮೆ ಹುಳು ಸೊಪ್ಪು ತಿನ್ನುವಾಗ ಸೋನೆ ಮಳೆಯ ಸದ್ದು ಬರುತ್ತದೆ. ಆ ಸದ್ದು ಇರಲಿಲ್ಲ.

"ಯಾರೋ ವಿಷ ಹಾಕವ್ರೆ," ಎಂದರು ಚೆನ್ನರಾಯಪ್ಪನವರು. ದನಿ ಏರಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು.

ಅವರ ಮಗ ನಂದೀಶ ಹಿಂದಿನ ಗೋಡೆಯ ಕಿಟಕಿಯತ್ತ ಕೈ ತೋರಿಸಿದ. "ಕಿಟ್ಕಿ ತೆಗ್ದೈತೆ ನೋಡಪ್ಪ. ಆಚೆಯಿಂದ ಹೊಡ್ದವ್ರೆ."

ಕಿಟಕಿಯಾಚೆ ಇರುವುದು ನಮ್ಮ ಅರ್ಧ ಎಕರೆ ಟೊಮೇಟೊ. ಹಿಂದಿನ ದಿನ ನಮ್ಮಪ್ಪ ಗಂಗುಲಪ್ಪ ಅಲ್ಲಿ ಔಷಧಿ ಹೊಡೆದದ್ದನ್ನು ಊರೇ ನೋಡಿತ್ತು. ಆ ಅರ್ಧ ಎಕರೆಯ ಮೇಲೆ ಚೆನ್ನರಾಯಪ್ಪನವರ ಕಣ್ಣಿದ್ದದ್ದೂ, ಅಪ್ಪ ಕೊಡುವುದಿಲ್ಲ ಎಂದದ್ದೂ ಊರಿಗೆ ಗೊತ್ತಿತ್ತು.

ಸ್ವಲ್ಪ ಹೊತ್ತಿಗೆಲ್ಲ ದೊಣ್ಣೆ ಹಿಡಿದ ಹುಡುಗರು ನಮ್ಮ ಮನೆಯ ಮುಂದೆ ಬಂದು ಕೂತರು. ಬೈಯಲಿಲ್ಲ, ಕೂಗಲಿಲ್ಲ. ದೊಣ್ಣೆಗಳನ್ನು ನಮ್ಮ ಗೋಡೆಗೆ ಒರಗಿಸಿ ಬೀಡಿ ಹಚ್ಚಿದರು.

"ಸಂಜೆ ತಂಕ ಟೈಮು," ಎಂದರು ಚೆನ್ನರಾಯಪ್ಪನವರು. "ಒಪ್ಕೊಂಡು ಊರು ಬಿಡು ಗಂಗುಲಪ್ಪ. ಇಲ್ದಿದ್ರೆ ಈ ಹುಡುಗ್ರನ್ನ ತಡೆಯೋಕೆ ನನ್ ಕೈಲಾಗಲ್ಲ."

ಒಳಗೆ ಅಪ್ಪ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಬಡವನ ಕೋಪ ದವಡೆಗೆ ಮೂಲ ಎಂದು ಜೀವಮಾನವೆಲ್ಲ ಬಾಯಿ ಮುಚ್ಚಿಕೊಂಡು ಬಂದವನು.

"ಒಪ್ಕೊಂಬಿಡ್ತೀನಿ ಕಣಪ್ಪ ಸುನೀಲ. ನಿನ್ ಮೈಮೇಲೆ ಕೈ ಮಾಡಿದ್ರೆ ನಾನ್ ನೋಡ್ಲಾರೆ."

"ಮಾಡ್ದೆ ಇರೋದನ್ನ ಒಪ್ಕೋತೀಯೇನಪ್ಪ?"

"ಗಾಳಿ ಆ ಕಡೆಗೆ ಬೀಸ್ತಾ? ನಂಗೇ ಗೊತ್ತಿಲ್ಲ."

ನನಗೆ ಅಳು ಬಂತು. ಹಿತ್ತಲಿಗೆ ಹೋಗಿ ಅಕ್ಕನಿಗೆ ಫೋನು ಮಾಡಿ ಟ್ರಂಕು ಕಳೆದದ್ದರಿಂದ ಹಿಡಿದು ಎಲ್ಲ ಹೇಳಿದೆ.

ನಮ್ಮಕ್ಕ ತನುಜ ಚಿಂತಾಮಣಿ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ಮಧ್ಯಾಹ್ನದ ಬಸ್ಸಿಗೆ ಇಳಿದವಳು ಮನೆಗೆ ಬರಲಿಲ್ಲ. ನನ್ನನ್ನೂ ಅಪ್ಪನನ್ನೂ ಕರೆದುಕೊಂಡು ನೆಟ್ಟಗೆ ಹುಳುಮನೆಗೆ ನಡೆದಳು. ದೊಣ್ಣೆಗಳನ್ನು ಗೋಡೆಗೇ ಬಿಟ್ಟು ಹುಡುಗರೂ ಹಿಂದೆ ಬಂದರು.

"ಒಳಗೆ ಬರ್ಬೋದಾ, ಚೆನ್ನರಾಯಪ್ನೋರೆ?"

ಅವರು ತಟ್ಟೆಗಳ ಕಡೆ ನೋಡಿದರು. "ಬಾರಮ್ಮ. ಸತ್ತ ಹುಳಕ್ಕೆ ಇನ್ನೇನು ಸೋಂಕು."

ಅಕ್ಕ ಚಪ್ಪಲಿ ಬಿಟ್ಟು ಸುಣ್ಣ ದಾಟಿದಳು. ಅಪ್ಪ ಹೊರಗೇ ನಿಂತ. ನಾನು ಬಾಗಿಲಲ್ಲಿ.

"ಅಮ್ಮಾಜಮ್ನೋರೆ, ಬೆಳಗ್ಗೆ ಬಾಗ್ಲು ತೆಗ್ದಾಗ ಏನಾದ್ರೂ ವಾಸ್ನೆ ಇತ್ತಾ?"

"ಇತ್ತು ಕಣಮ್ಮ. ಔಷ್ದಿ ವಾಸ್ನೆ."

"ಟೊಮೇಟೊಗೆ ಹೊಡೆಯೋ ಔಷಧಿ ವಾಸ್ನೆನಾ?"

ಅಮ್ಮಾಜಮ್ಮ ಯೋಚಿಸಿದರು. "ಅದಲ್ಲಮ್ಮ. ಅದು ಗಬ್ಬು. ಇದು… ಮದ್ವೆ ಸೀರೆ ಪೆಟ್ಗೆ ತೆಗ್ದಂಗೆ."

"ಏನೋ ಒಂದು ವಾಸ್ನೆ," ಎಂದು ನಂದೀಶ ಮಧ್ಯೆ ಬಾಯಿ ಹಾಕಿದ. "ಔಷ್ದಿ ಔಷ್ದಿನೇ."

ಅಕ್ಕ ಅವನ ಕಡೆ ನೋಡಲಿಲ್ಲ. ತಟ್ಟೆಗಳ ನಡುವೆ ನಡೆದಳು. ಕಿಟಕಿಯ ಹತ್ತಿರದ ತಟ್ಟೆಗಳಲ್ಲಿ ಕೆಲವು ಹುಳುಗಳು ಇನ್ನೂ ತಲೆ ಅಲ್ಲಾಡಿಸುತ್ತಿದ್ದವು. ಮೂಲೆಗೆ ಹೋದಂತೆಲ್ಲ ಅವು ಕಪ್ಪಾಗಿ ಸೀದುಹೋದಂತೆ ಬಿದ್ದಿದ್ದವು. ಆ ಮೂಲೆಯಲ್ಲಿ ಇದ್ದಿಲು ಒಲೆ ಇತ್ತು. ಪುಷ್ಯ ಮಾಸದ ಚಳಿಗೆ ಹುಳ ಬೆಚ್ಚಗಿರಲಿ ಎಂದು ಬಾಗಿಲು, ಕಿಟಕಿ ಮುಚ್ಚಿ ರಾತ್ರಿಯೆಲ್ಲ ಅದನ್ನು ಉರಿಸುತ್ತಾರೆ. ಒಲೆಯ ಮೇಲ್ಗಡೆ ಹಳೆಯ ಚಂದ್ರಿಕೆಗಳನ್ನು ಒಟ್ಟುವ ಅಟ್ಟ.

"ಕಿಟ್ಕಿ ರಾತ್ರಿ ಹಾಕಿದ್ರಾ?"

"ನಾನೇ ಹಾಕ್ದೆ," ಎಂದರು ಅಮ್ಮಾಜಮ್ಮ. "ಅಗುಳಿ ಜಡ್ದು, ಗೋಣಿತಾಟು ಬಿಟ್ಟು, ಹೊರಗೆ ಜಗಲಿ ಮೇಲೆ ಮಲಗ್ದೆ."

"ಅಗುಳಿ ಒಳಗೈತೆ. ಗೋಣಿತಾಟು ಒಳಗಿಂದ ಮಡಚಿ ಮೊಳೆಗೆ ಸಿಕ್ಸವ್ರೆ. ಆಚೆ ನಿಂತಿರೋ ನಮ್ಮಪ್ಪ ಇದನ್ನ ಹೆಂಗೆ ತೆಗ್ದ?"

ಚೆನ್ನರಾಯಪ್ಪನವರು ಕಿಟಕಿಯ ಹತ್ತಿರ ಹೋಗಿ ಅಗುಳಿಯನ್ನು ಮುಟ್ಟಿ ನೋಡಿದರು. ಬೆಳಗ್ಗೆಯಿಂದ ಊರೆಲ್ಲ ಆ ಕಿಟಕಿಯಿಂದ ಹೊರಗೆ ನೋಡಿತ್ತೇ ಹೊರತು ಕಿಟಕಿಯನ್ನೇ ನೋಡಿರಲಿಲ್ಲ.

ಅಕ್ಕ ನನ್ನ ಕಡೆ ತಿರುಗಿದಳು. "ಸುನೀಲ, ನಿನ್ ಟ್ರಂಕು ಕಳೆದೋಯ್ತು ಅಂದ್ಯಲ್ಲ. ಮನೆ ಬೀಗ ಒಡ್ದಿತ್ತಾ?"

ಈಗ ಟ್ರಂಕಿನ ಮಾತು ಯಾಕೆ ಎಂದು ನನಗೆ ರೇಗಿತು. "ಇಲ್ಲ. ಅಪ್ಪ ಹೊಲದಿಂದ ಬಂದಾಗ ಬೀಗ ಹಾಕಿದಂಗೇ ಇತ್ತಂತೆ."

"ಬೀಗದಕೈ ಎಲ್ಲಿರುತ್ತೆ?"

"ಬಾಗಿಲ ಮೇಲಿನ ಗೂಡಲ್ಲಿ."

"ಅದು ಯಾರ್ಯಾರ್ಗೆ ಗೊತ್ತು?"

"ನಮ್ಗೆ… ನಂದೀಶನ್ಗೆ. ಗೇಮ್ ಆಡೋಕೆ ಬರ್ತಿದ್ನಲ್ಲ."

ಚೆನ್ನರಾಯಪ್ಪನವರು ತಟಕ್ಕನೆ ಮಗನತ್ತ ತಿರುಗಿದರು. "ಇವರ ಮನೆಗಾ?"

"ಟ್ರಂಕಲ್ಲಿ ಏನೇನಿತ್ತು ಸುನೀಲ?" ಅಕ್ಕ ಬಿಡಲಿಲ್ಲ.

"ಕಾಮಿಕ್ಸು. ಗೇಮು. ಕ್ಯಾಸೆಟ್ಟು."

"ಆಮೇಲೆ?"

ಹೇಳಲು ಬಾಯಿ ತೆರೆದವನು ಹಾಗೇ ನಿಂತೆ. ಮದುವೆ ಸೀರೆ ಪೆಟ್ಟಿಗೆ. ನನ್ನ ಅಂಗಿಯ ತೋಳನ್ನೇ ಮೂಗಿಗೆ ಹಿಡಿದೆ. ಏನೂ ಗೊತ್ತಾಗಲಿಲ್ಲ.

"ನುಸಿಗುಳಿಗೆ," ಎಂದೆ.

"ಒಂದು ಏಣಿ ಕೊಡ್ತೀರಾ? ಅಟ್ಟ ನೋಡ್ಬೇಕು."

"ಅಲ್ಲಿ ಹಾವೈತೆ," ಎಂದ ನಂದೀಶ. "ಮೊನ್ನೆ ನೋಡ್ದೆ. ಹತ್ಬೇಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಚೆನ್ನರಾಯಪ್ಪನವರು ತಾವೇ ಏಣಿ ಇಟ್ಟು ಹತ್ತಿದರು. ಚಂದ್ರಿಕೆಗಳ ಹಿಂದೆ ನೀಲಿ ತಗಡು ಕಾಣಿಸಿತು. ಮುಚ್ಚಳ ತೆರೆದೇ ಇತ್ತು. ಪಕ್ಕದಲ್ಲಿ ಒಂದು ದಿಂಬು, ಒಂದು ಟಾರ್ಚು, ಮಗುಚಿ ಇಟ್ಟ ಒಂದು ಪುಸ್ತಕ.

ಅಕ್ಕ ನಿಧಾನವಾಗಿ ಹೇಳಿದಳು. "ಟೊಮೇಟೊ ಔಷಧಿ ಕಿಟ್ಕಿಯಿಂದ ಬಂದಿದ್ರೆ ಮೊದಲು ಸಾಯ್ಬೇಕಾಗಿದ್ದು ಕಿಟ್ಕಿ ಹತ್ರದ ಹುಳ. ಅವೇ ಇನ್ನೂ ಜೀವ ಹಿಡ್ಕೊಂಡವೆ. ಸಾವು ಅಟ್ಟದ ಮೂಲೆಯಿಂದ ಶುರುವಾಗೈತೆ. ನುಸಿ ಕೊಲ್ಲೋ ಗುಳಿಗೆ ರೇಷ್ಮೆ ಹುಳನ್ನ ಬಿಡುತ್ತಾ? ಕೆಳಗೆ ಒಲೆ, ಸುತ್ತ ಮುಚ್ಚಿದ ಮನೆ, ಮೇಲೆ ತೆರೆದ ಟ್ರಂಕು. ಗುಳಿಗೆ ಕರಗಿ ಗಾಳಿ ಆಗಿ ತಟ್ಟೆ ಮೇಲೆ ಇಳಿದೈತೆ. ಯಾಕೆ ನಂದೀಶಪ್ಪ, ರಾತ್ರಿ ಓದ್ತಾ ಅಲ್ಲೇ ನಿದ್ದೆ ಬಂತಾ?"

ನಂದೀಶ ಗೋಡೆಗೆ ಒರಗಿದ. ಕೊನೆಗೆ ನನ್ನನ್ನು ನೋಡಿ ಹೇಳಿದ. "ಕಾಮಿಕ್ಸಿನ ಕೊನೇ ಭಾಗ ಕೇಳ್ದೆ. ನೀನು ಮನೆಗೆ ಕೊಡಲ್ಲ, ಇಲ್ಲೇ ಕೂತು ಓದು ಅಂದೆ. ಆಟ ಆಡೋದು ಬಾಗ್ಲು ಹಾಕ್ಕೊಂಡು ನಡೀತಿತ್ತು. ಹಗಲೆಲ್ಲ ನಿಮ್ಮನೇಲಿ ಕೂತ್ರೆ ಊರೋರು ನೋಡಲ್ವಾ? ಓದಿ ತಂದಿಡಣ ಅಂತಿದ್ದೆ."

"ಹುಳ ಸಾಯ್ತಿರೋದು ಯಾವಾಗ ಗೊತ್ತಾಯ್ತು?" ಕೇಳಿದ್ದು ಚೆನ್ನರಾಯಪ್ಪನವರು.

"ತಲೆನೋವು ಬಂದು ಎಚ್ಚರ ಆಯ್ತು. ಇಳಿದು ನೋಡ್ದೆ. ಕಿಟ್ಕಿ ತೆಗ್ದೆ." ಅವನು ಅಟ್ಟದ ಕಡೆ ನೋಡಿದ. "ಟ್ರಂಕು ಹೊತ್ಕೊಂಡು ಹೊರಗೆ ಬಂದ್ರೆ ಅಮ್ಮ ನೋಡ್ತಾಳೆ ಅಂತ…"

"ಕದ್ದಿದ್ದನ್ನ ಹುಡುಗಾಟ ಅಂತ ಬಿಡ್ಬೋದು," ಎಂದಳು ಅಕ್ಕ. "ಹುಳ ಸತ್ತಿದ್ದನ್ನ ತಿಳೀದೆ ಆಯ್ತು ಅಂತ ಬಿಡ್ಬೋದು. ಬೆಳಗ್ಗೆ ಆ ಕಿಟ್ಕಿ ಕಡೆ ಕೈ ತೋರ್ಸಿದೆಯಲ್ಲ, ಅದಕ್ಕೆ ಏನಂತೀಯ? ನೀನು ನಿಜ ಬಾಯಿ ಬಿಡ್ತಿರ್ಲಿಲ್ಲ, ಇವತ್ತು ಸಂಜೆ ನಮ್ಮಪ್ಪನ ಕಾಲು ಮುರೀತಿದ್ರು. ನೀನು ನೋಡ್ಕೊಂಡು ನಿಂತಿರ್ತಿದ್ದೆ."

ನಾನೂ ನಂದೀಶನೂ ಒಂದೇ ಪುಸ್ತಕಕ್ಕೆ ತಲೆ ತಾಗಿಸಿ ನಕ್ಕಿದ್ದು ನೆನಪಾಯಿತು. ಅವನನ್ನು ನಾನು ಗೆಳೆಯ ಅಂದುಕೊಂಡಿದ್ದೆ.

ಚೆನ್ನರಾಯಪ್ಪನವರು ಟ್ರಂಕನ್ನು ತಾವೇ ಇಳಿಸಿ ತಂದು ಹೊಸಿಲ ಒಳಗಡೆ ಇಟ್ಟರು. ಕೈಗೆ ಸುಣ್ಣ ಮೆತ್ತಿತ್ತು.

"ಒಳಕ್ ಬಂದು ತಗೊ ಗಂಗುಲಪ್ಪ," ಎಂದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಬಹುಶಃ ಅವರ ಲೆಕ್ಕದಲ್ಲಿ ಇದೇ ಆ ಮಾತು.

ಅಪ್ಪ ಆ ಸುಣ್ಣವನ್ನೇ ಸ್ವಲ್ಪ ಹೊತ್ತು ನೋಡಿದ. "ಆಚೆ ಇಡಿಸಿ ಸ್ವಾಮಿ. ಒಳಗೆ ಬರೋಕೆ ನಂಗೆ ಏನೂ ಕೆಲ್ಸ ಇಲ್ಲ."

ಇಟ್ಟರು.

ನಾವು ಮನೆಗೆ ಬಂದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ದೊಣ್ಣೆಗಳು ಮಾತ್ರ ಗೋಡೆಗೆ ಒರಗಿದ್ದವು. ಮರುದಿನ ಬೆಳಗ್ಗೆ ಅಪ್ಪ ಅವನ್ನು ಹೊತ್ತುಕೊಂಡು ಹೊಲಕ್ಕೆ ಹೋದ. ಹುಳುಮನೆಯ ಕಿಟಕಿಗೆ ಎದುರಾಗಿರುವ ಸಾಲಿನಲ್ಲೇ ಒಂದೊಂದಾಗಿ ಊರಿ, ಬಾಗಿದ್ದ ಟೊಮೇಟೊ ಗಿಡಗಳನ್ನು ಎತ್ತಿ ದಾರದಿಂದ ಕಟ್ಟಿದ.

"ಅವ್ರದಲ್ವೇನಪ್ಪ ಅವು?" ಎಂದೆ.

"ಹ್ಞೂ ಕಣಪ್ಪ. ಕೇಳ್ಕೊಂಡು ಬರ್ಲಿ, ಕೊಡಣ."

ಯಾರೂ ಕೇಳಿಕೊಂಡು ಬರಲಿಲ್ಲ.