ಬಾರದ ನಗು

"ಏಣಿ ಬಂತು, ಹತ್ತೋರೆಲ್ಲ ಹತ್ತಿ."

ಹಾಗೆಂದವಳು ಚಿನ್ನಿಯ ಗೆಳತಿ, ಪಕ್ಕದಲ್ಲೇ ಕೂರುವವಳು. ಇಡೀ ಕ್ಲಾಸು ನಕ್ಕಿತು. ದಿನದಂತೆ ಚಿನ್ನಿಯೂ ನಕ್ಕಳು.

ಅವಳ ನೀಲಿ ಸ್ಕರ್ಟಿನ ಅಂಚಿನಲ್ಲಿ ಅಡ್ಡಡ್ಡ ಮೂರು ಬಿಳಿ ಗೆರೆ. ಅಮ್ಮ ಟೈಲರ್. ಹೊಲಿಯುವಾಗಲೇ ಒಳಗೆ ಬಟ್ಟೆ ಮಡಿಸಿಟ್ಟು, ಮಗಳು ಉದ್ದವಾದಂತೆಲ್ಲ ಒಂದೊಂದೇ ಮಡಿಕೆ ಬಿಚ್ಚುತ್ತಿದ್ದಳು. ಬಿಚ್ಚಿದ ಕಡೆಯಲ್ಲೆಲ್ಲ ಮಡಿಕೆಯ ಗೆರೆ ಉಳಿಯುತ್ತಿತ್ತು.

ಇದೇ ಗೆಳತಿ ನಿನ್ನೆ ತನ್ನ ಹೊಸ ರಬ್ಬರ್ ಮುರಿದು ಅರ್ಧ ಕೊಟ್ಟಿದ್ದಳು. ಹಾಗಾದರೆ ಒಳ್ಳೆಯವಳೋ, ಕೆಟ್ಟವಳೋ? ಕೋಪ ಮಾಡಿಕೊಂಡರೆ ಟೂ ಬಿಟ್ಟಾಳು. ಮಾಡಿಕೊಳ್ಳದಿದ್ದರೆ ನಾಳೆಯೂ ಏಣಿಯೇ. ಚಿನ್ನಿಗೆ ತಲೆಬುಡ ತಿಳಿಯಲಿಲ್ಲ.

ಸಂಜೆ ತಮ್ಮ ಬಾಗಿಲು ತೆಗೆದ. ಅವನ ಮುಂದಿನ ಹಲ್ಲುಗಳು ಬಿದ್ದಿದ್ದವು.

"ಜರುಗೋ, ಕಿಟಕಿ" ಅಂದಳು, ದಿನಾ ಅನ್ನುವಂತೆ. ಅವನು ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕ.

ಬಟ್ಟೆ ಬದಲಿಸಿದವಳೇ ಸ್ಕರ್ಟನ್ನು ನೆಲದ ಮೇಲೆ ಹಾಸಿ, ನೀಲಿ ಪೆನ್ನಿನಿಂದ ಬಿಳಿ ಗೆರೆಗಳನ್ನು ತಿದ್ದತೊಡಗಿದಳು. ಇಂಕಿನ ನೀಲಿ ಬೇರೆ, ಬಟ್ಟೆಯ ನೀಲಿ ಬೇರೆ. ಗೆರೆ ಮೊದಲಿಗಿಂತ ಎದ್ದು ಕಂಡಿತು.

ಅಮ್ಮ ಬೈಯಲಿಲ್ಲ. ಸೋಪು ಹಚ್ಚಿ ಉಜ್ಜುತ್ತಲೇ ವಿಷಯ ಕೇಳಿಕೊಂಡಳು. ಗೆಳತಿ ತಮಾಷೆಗೆ ಅಂದಿದ್ದು, ಎಲ್ಲರ ಜೊತೆ ತಾನೂ ನಕ್ಕೆ ಎಂದಳು ಚಿನ್ನಿ.

"ನಗು ಬಂತಾ, ಇಲ್ಲಾ ನೀನೇ ತಂದ್ಕೊಂಡ್ಯಾ?"

ಚಿನ್ನಿ ಪೆನ್ನಿಗೆ ಮುಚ್ಚಳ ಹಾಕಿದಳು. ಅಮ್ಮ ಉತ್ತರಕ್ಕೆ ಕಾಯಲಿಲ್ಲ. "ನಾಳೆನೂ ಅಂದ್ರೆ ನಂಗೆ ಹೇಳು. ನಾನೇ ಬಂದು ಟೀಚರ್ ಹತ್ರ ಮಾತಾಡ್ತೀನಿ" ಎಂದು ಸ್ಕರ್ಟನ್ನು ಹಿಂಡಿ ಕೊಡವಿದಳು.

ಮರುದಿನ ಗೆಳತಿ ಮತ್ತೆ "ಏಣಿ ಬಂತು" ಅಂದಳು. ಅಭ್ಯಾಸಬಲದಿಂದ ನಗು ತುಟಿಯವರೆಗೆ ಬಂತು. ಚಿನ್ನಿ ಬಾಯಿ ಮುಚ್ಚಿಕೊಂಡಳು.

"ನಂಗೆ ಹಾಗನ್ಬೇಡ."

ಗೆಳತಿ ಕಣ್ಣು ಪಿಳಿಪಿಳಿ ಬಿಟ್ಟಳು. "ದಿನಾ ನೀನೂ ನಗ್ತಿದ್ಯಲ್ಲೇ?"

"ನಗ್ತಿದ್ದೆ. ನಗು ಬರ್ತಿರಲಿಲ್ಲ."

ಗೆಳತಿ ಬ್ಯಾಗ್ ಸರಿಸಿ ಜಾಗವನ್ನೇನೋ ಬಿಟ್ಟಳು. ಆದರೆ ದಿನವಿಡೀ ಮಾತಾಡಲಿಲ್ಲ. ಅದು ಟೂ ಬಿಟ್ಟಿದ್ದೋ, ನಾಚಿಕೆಯೋ, ಚಿನ್ನಿಗೆ ಗೊತ್ತಾಗಲಿಲ್ಲ.

ಸಂಜೆ ತಮ್ಮ ಬಾಗಿಲು ತೆಗೆದ. ಅವಳು ಏನೂ ಅನ್ನುವ ಮೊದಲೇ ಅವನ ಕೈ ಬಾಯಿಗೆ ಹೋಯಿತು.

ಚಿನ್ನಿ ಹೊಸ್ತಿಲಲ್ಲೇ ನಿಂತಳು. ನಾಲಿಗೆ ತುದಿಯಲ್ಲಿದ್ದ ಮಾತು ಅಲ್ಲೇ ಉಳಿಯಿತು.

"ಏನೂ ಅನ್ನಲ್ವಾ ಅಕ್ಕಾ?" ಬೆರಳುಗಳ ಹಿಂದಿನಿಂದಲೇ ಕೇಳಿದ.

"ಇಲ್ಲ."

ಅವನಿಗೆ ನಂಬಿಕೆಯಾಗಲಿಲ್ಲ. ಅವಳ ಮುಖವನ್ನೇ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಮೆಲ್ಲಗೆ ಕೈ ಇಳಿಸಿದ.